ಊರಿನ ಹಳೆ ಕ್ಯಾಬಿನ್ ಕೆಡವುತ್ತಾರಂತೆ: ಆ 18 ಲೀವರ್‌ಗಳನ್ನಾದರೂ ಉಳಿಸಿಕೊಳ್ಳೋಣ

ತೊಗರಿ ಹೊಲದವ

ಎಲ್ಲರಿಗೂ ನಮಸ್ಕಾರ. ಹೋದ ವಾರ ಊರಿಗೆ ಹೋಗಿದ್ದೆ. ನಮ್ಮದು ವಾಡಿ–ಯಾದಗಿರಿ ನಡುವಿನ ಒಂದು ಸಣ್ಣ ನಿಲ್ದಾಣ. ಹೆಸರು ಬರೆಯುತ್ತಿಲ್ಲ, ಅಲ್ಲಿ ದುಡಿದವರು ಇನ್ನೂ ಊರಲ್ಲೇ ಇದ್ದಾರೆ, ಅವರನ್ನು ಕೇಳದೆ ಹಾಕುವುದು ಸರಿಯಲ್ಲ. ಗೊತ್ತಿದ್ದವರಿಗೆ ಗೊತ್ತಾಗುತ್ತದೆ.

ಪ್ಲಾಟ್‌ಫಾರ್ಮ್ ಮುಗಿದು ನೂರು ಹೆಜ್ಜೆ ಆಚೆ, ಬೇವಿನ ಮರದ ಪಕ್ಕ ಹಳೆ ಸಿಗ್ನಲ್ ಕ್ಯಾಬಿನ್ ಇದೆ. ಕೆಳಗೆ ಶಹಾಬಾದ್ ಕಲ್ಲಿನ ಗೋಡೆ, ಹೊರಗಿನಿಂದ ಹತ್ತುವ ಮೆಟ್ಟಿಲಿಗೂ ಅದೇ ಫರಸಿ, ಮೇಲೆ ಮೂರು ಕಡೆ ಗಾಜಿನ ಕಿಟಕಿ. ಈಗ ಗಾಜು ಒಂದೂ ಉಳಿದಿಲ್ಲ. ಅದನ್ನು ಕೆಡವುವ ಮಾತು ನಡೆದಿದೆ ಅಂತ ಊರಲ್ಲಿ ಸುದ್ದಿ. ಸ್ಟೇಷನ್ ಮಾಸ್ತರರನ್ನು ಕೇಳಿಕೊಂಡೆ, ಅವರೇ ಜೊತೆಗೆ ಬಂದು ಬಾಗಿಲು ತೆಗೆಸಿದರು. ಒಳಗೆ ಪಾರಿವಾಳದ ಹಿಕ್ಕೆ, ಹರಿದ ಡ್ಯೂಟಿ ಪಟ್ಟಿ, ಆಮೇಲೆ ಉದ್ದಕ್ಕೆ ಸಾಲಾಗಿ ನಿಂತ 18 ಲೀವರ್‌ಗಳು, ಅಂದರೆ ಸಿಗ್ನಲ್ಲು ಬೀಳಿಸಲು, ಹಳಿ ತಿರುಗಿಸಲು ಕೈಯಿಂದ ಎಳೆಯುವ ಕಬ್ಬಿಣದ ಕೋಲುಗಳು. ಎಲ್ಲವೂ ನೆಟ್ಟಗೆ, ನಾರ್ಮಲ್‌ನಲ್ಲಿ, ಅಂದರೆ ಎಳೆಯದ ಸ್ಥಿತಿಯಲ್ಲಿ. ಕೊನೆಯ ದಿನ ಯಾರೋ ಒಂದೊಂದನ್ನೂ ಅದರ ಜಾಗಕ್ಕೆ ತಂದು ನಿಲ್ಲಿಸಿ ಹೋಗಿದ್ದಾರೆ.

ಕಟ್ಟಡ ಯಾವ ವರ್ಷದ್ದು ಅಂತ ಗೋಡೆ ಮೇಲೆ ಎಲ್ಲೂ ಇಲ್ಲ. ಹಳಿಯ ಕಥೆ ಗೊತ್ತು. ಮುಂಬೈ ಕಡೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ (ಜಿಐಪಿ) ರೈಲ್ವೆ ಸೋಲಾಪುರ, ಕಲಬುರಗಿ, ವಾಡಿ, ಯಾದಗಿರಿ ದಾಟಿ ಬಂದು 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ರೈಲ್ವೆಯನ್ನು ಕೂಡಿತು. ಮುಂಬೈಯಿಂದ ಮದ್ರಾಸಿಗೆ ರೈಲು ದಾರಿ ಆದದ್ದು ನಮ್ಮ ಹೊಲಗಳ ನಡುವೆಯೇ. ಮೂರು ವರ್ಷ ಬಿಟ್ಟು 1874ರಲ್ಲಿ ನಿಜಾಮರ ಹಣದಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಹಳಿ ಬಿತ್ತು, ವಾಡಿ ಜಂಕ್ಷನ್ ಆಯಿತು. ಆಗ ನಮ್ಮ ಕಡೆ ಇಂಥ ಕ್ಯಾಬಿನ್ ಇರಲಿಲ್ಲ. ಕಾಂಟಾದ (ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಕೂಡು) ಹತ್ತಿರ ಒಬ್ಬ ಕಾಂಟಾವಾಲಾ ಬಾವುಟ, ಕಂದೀಲು ಹಿಡಿದು ನಿಂತಿರುತ್ತಿದ್ದ. ಸಿಗ್ನಲ್ಲು, ಕಾಂಟಾ ಎರಡನ್ನೂ ಒಂದೇ ಕಡೆ ತಂದು, ಒಂದಕ್ಕೊಂದು ಬೀಗ ಹಾಕಿದಂತೆ ಕಟ್ಟುವ ಇಂಟರ್‌ಲಾಕಿಂಗ್ ಇಂಗ್ಲೆಂಡಿನಲ್ಲಿ 1856ರ ಜಾನ್ ಸ್ಯಾಕ್ಸ್‌ಬಿಯ ಪೇಟೆಂಟಿನಿಂದ ಶುರುವಾದದ್ದು. 1889ರಲ್ಲಿ ಐರ್ಲೆಂಡಿನ ಆರ್ಮಾದ ರೈಲು ಅಪಘಾತದಲ್ಲಿ ಸುಮಾರು 80 ಜನ ಸತ್ತ ಮೇಲೆ ಅಲ್ಲಿ ಅದನ್ನು ಕಾನೂನಿನಿಂದಲೇ ಕಡ್ಡಾಯ ಮಾಡಿದರು. ನಮ್ಮ ದೇಶದ ನಿಲ್ದಾಣಗಳಿಗೆ ಅದು ನಿಧಾನಕ್ಕೆ, ಮುಂದಿನ ದಶಕಗಳಲ್ಲಿ ಬಂತು.

ನನ್ನ ಕೇಳಿಕೆ ಇಷ್ಟೆ. ಕಟ್ಟಡ ಉಳಿದರೆ ಒಳ್ಳೆಯದು. ಉಳಿಯದಿದ್ದರೆ ಆ ಲೀವರ್ ಚೌಕಟ್ಟು, ಅದರ ಕೆಳಗಿನ ಲಾಕಿಂಗ್ ಪೆಟ್ಟಿಗೆ ಎರಡೂ ಒಡೆಯದೆ ಹೊರಗೆ ಬರಬೇಕು. ಗುಜರಿಗೆ ಹೋದರೆ ಅದು ಬರೀ ಬೀಡು ಕಬ್ಬಿಣ. ಬಣ್ಣ ಹೋಗಿದ್ದರೂ ಗೀಚಿ ನೋಡಿ ಒಂದು ಚಿತ್ರ ಬರೆದಿದ್ದೇನೆ, ಕೆಳಗೆ ಹಾಕಿದ್ದೇನೆ: 1, 2, 3 ಕೆಂಪು. 9 ಕಪ್ಪು, 11 ಕೂಡ ಕಪ್ಪು. 14 ಬಿಳಿ. ತಪ್ಪಿದ್ದರೆ ತಿದ್ದಿ.

ಯಾದಗಿರಿ ಪ್ಯಾಸೆಂಜರ್

ಅಣ್ಣಾ, ನಾನು ಇಂಜಿನಿಯರಿಂಗ್ ಓದುತ್ತಿದ್ದೇನೆ, ವಾರಕ್ಕೊಮ್ಮೆ ಕಲಬುರಗಿಗೆ ರೈಲಲ್ಲೇ ಓಡಾಡೋದು. ನಾನು ಹುಟ್ಟಿದಾಗಿನಿಂದ ನೋಡಿದ್ದು ದೀಪದ ಸಿಗ್ನಲ್ ಮಾತ್ರ. ಅಜ್ಜ ಮಾತ್ರ ಇವತ್ತಿಗೂ "ಸಿಗ್ನಲ್ ಬಿತ್ತೇನೋ ನೋಡು" ಅನ್ನುತ್ತಾನೆ. ಬೀಳುವುದು ಅಂದರೆ ಏನು? ಒಬ್ಬ ಮನುಷ್ಯ ಲೀವರ್ ಎಳೆದರೆ ಅಷ್ಟು ದೂರದ ಹಳಿ ಹೇಗೆ ತಿರುಗುತ್ತಿತ್ತು?

ನಿವೃತ್ತ ಮಾಸ್ತರ

ತಮ್ಮಾ, ನಿಮ್ಮ ಅಜ್ಜ ಹೇಳುವುದು ಕೈಮರದ ಮಾತು. ಎತ್ತರದ ಕಂಬ, ಅದರ ತುದಿಗೆ ಒಂದು ಕೈ. ಕೈ ಅಡ್ಡ ಇದ್ದರೆ ನಿಲ್ಲು. ಕೆಳಗೆ ಓರೆಯಾಗಿ ಬಿದ್ದರೆ ಬಾ. ಅದಕ್ಕೇ ಸಿಗ್ನಲ್ "ಬೀಳುವುದು". ರಾತ್ರಿಗೆ ಕೈಯ ಹಿಂಬದಿಯಲ್ಲಿ ಸೀಮೆಎಣ್ಣೆ ದೀಪ, ಅದರ ಮುಂದೆ ಕೆಂಪು, ಹಸಿರು ಗಾಜು. ಸಂಜೆಯಾದರೆ ಲ್ಯಾಂಪ್‌ಮನ್ ಒಂದೊಂದೇ ಕಂಬ ಹತ್ತಿ ದೀಪ ಇಟ್ಟು ಬರಬೇಕು. ಮಳೆ, ಗಾಳಿ ಅಂತ ಬಿಡುವಂತಿಲ್ಲ.

ಲೀವರ್‌ನಿಂದ ಸಿಗ್ನಲ್‌ಗೆ ಹೋಗುವುದು ತಂತಿ. ಕಾಂಟಾಕ್ಕೆ ಹೋಗುವುದು ಕಬ್ಬಿಣದ ಸರಳು, ನೆಲದ ಮೇಲೆ ಸಣ್ಣ ಗಾಲಿಗಳ ಮೇಲೆ ಜಾರುತ್ತಾ ಹೋಗುತ್ತದೆ. ನಮ್ಮ ಭಾಗದಲ್ಲಿ ಇವೆರಡಕ್ಕೂ ಬಿಸಿಲೇ ವೈರಿ. ಲೆಕ್ಕ ಹಾಕು: 600 ಮೀಟರ್ ಉಕ್ಕಿನ ತಂತಿ. ಬೆಳಗಿನ ಜಾವಕ್ಕೂ ಮಧ್ಯಾಹ್ನಕ್ಕೂ 20 ಡಿಗ್ರಿ ಫರಕು ಬಂದರೆ ಅದು ಸುಮಾರು 14 ಸೆಂಟಿಮೀಟರ್ ಉದ್ದ ಆಗುತ್ತದೆ, ಅರ್ಧ ಗೇಣಿಗಿಂತ ಹೆಚ್ಚು. ತಂತಿ ಸಡಿಲಾದರೆ ಲೀವರ್ ಪೂರ್ತಿ ಎಳೆದರೂ ಕೈ ಅರ್ಧಕ್ಕೇ ನಿಲ್ಲುತ್ತದೆ. ಡ್ರೈವರ್ ಅದನ್ನು ಏನಂತ ಓದಬೇಕು? ಹಾಗಾಗಿ ತಂತಿ ಬಿಗಿ ಮಾಡುವ ಅಡ್ಜಸ್ಟರ್ ಇರುತ್ತಿತ್ತು. ಏಪ್ರಿಲ್, ಮೇನಲ್ಲಿ ದಿನಕ್ಕೆ ಎಷ್ಟು ಸಲ ತಿರುಗಿಸಬೇಕು ಅಂತ ಯಾವ ಪುಸ್ತಕದಲ್ಲೂ ಬರೆದಿಲ್ಲ, ಅದು ಲೀವರ್‌ಮನ್ ಕೈಗೆ ಗೊತ್ತು. ಮಳೆಗಾಲದಲ್ಲಿ ಎರೆ ಮಣ್ಣು ಉಬ್ಬಿ ಸರಳಿನ ಗಾಲಿ ಓರೆಯಾಗುವುದು ಬೇರೆ ತಾಪತ್ರಯ.

ಬಣ್ಣದ ವಿಷಯ. ನಿಲ್ಲಿಸುವ ಸಿಗ್ನಲ್‌ಗೆ ಕೆಂಪು, ಕಾಂಟಾಕ್ಕೆ ಕಪ್ಪು, ಕಾಂಟಾದ ಬೀಗಕ್ಕೆ ನೀಲಿ, ಗೇಟಿಗೆ ಕಂದು, ಖಾಲಿ ಬಿಟ್ಟ ಲೀವರ್‌ಗೆ ಬಿಳಿ. ತೊಗರಿ ಹೊಲದವರು 9, 11 ಎರಡನ್ನೂ ಕಪ್ಪು ಅಂತ ಬರೆದಿದ್ದಾರೆ. ನನಗೆ ಅಲ್ಲಿ ಸಂಶಯ. ಎದುರಿನಿಂದ ರೈಲು ಹಾಯುವ ಕಾಂಟಾ ಇದ್ದ ಮೇಲೆ ಅದಕ್ಕೊಂದು ಬೀಗದ ಲೀವರ್ ಇರಲೇಬೇಕು. ನಿಮ್ಮ ಚಿತ್ರದಲ್ಲಿ ನೀಲಿ ಒಂದೂ ಇಲ್ಲ. ಇನ್ನೊಮ್ಮೆ ನೋಡಿ.

ಲೀವರ್‌ಮನ್ ಮಗಳು

ಇದನ್ನ ಓದಿ ಸುಮ್ನ ಕುಂಡ್ರಲಿಕ್ಕಾಗ್ಲಿಲ್ರಿ. ನಮ್ಮಪ್ಪ ಅದೇ ಕ್ಯಾಬಿನ್‌ನ್ಯಾಗ 20 ವರ್ಷಕ್ಕಿಂತ ಹೆಚ್ಚು ಲೀವರ್‌ಮನ್ ಇದ್ರು. ನಾ ಸಣ್ಣಾಕಿ ಇದ್ದಾಗ ಮಧ್ಯಾಹ್ನಕ್ಕ ಬುತ್ತಿ ಒಯ್ತಿದ್ದೆ. ಜ್ವಾಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಮೆಟ್ಟಿಲು ಹತ್ತಿ ಬಾಗಿಲದಾಗ ನಿಂತು "ಅಪ್ಪಾ" ಅಂತ ಒದರಬೇಕು. ಒಳಗ ಕಾಲಿಡಂಗಿಲ್ಲ. ಅವರು ಹೂಂ ಅಂದಮ್ಯಾಲೇ ಒಳಗ. ಲೀವರ್ ಮುಟ್ಟಂಗೇ ಇಲ್ಲ.

ನನಗ ಇನ್ನೂ ಕಣ್ಣಿಗೆ ಕಟ್ಟಿದ್ದು ಒಂದು ಬಟ್ಟಿ. ಅವ್ವನ ಹಳೀ ಸೀರಿ ಹರದು ಮಾಡಿದ್ದು. ಅಪ್ಪ ಯಾವ ಲೀವರ್ ಹಿಡಿದ್ರೂ ಆ ಬಟ್ಟಿ ಸುತ್ತೇ ಹಿಡೀತಿದ್ರು. ಬೆವರು ತಾಗಿದ್ರ ಹಿಡಿಕೆಗೆ ತುಕ್ಕು ಹಿಡಿತದಂತ. ಹಿಡಿಕಿ ಎಲ್ಲಾ ಬೆಳ್ಳಿ ಹಂಗ ಹೊಳೀತಿದ್ವು. ದೂರದ ಸಿಗ್ನಲ್ ಎಳೀಬೇಕಾದ್ರ ಒಂದ್ ಕಾಲು ಮುಂದಿನ ಕಬ್ಬಿಣಕ್ಕ ಒತ್ತಿ, ಮೈ ಎಲ್ಲಾ ಹಿಂದಕ್ಕ ಚೆಲ್ಲಿ ಎಳೀತಿದ್ರು. ಎಳೆದ ಮ್ಯಾಲ ಕಿಟಕಿಯಿಂದ ಹೊರಗ ನೋಡಿ, ಕೈ ಬಿದ್ದದೋ ಇಲ್ಲೋ ಅಂತ ಖಾತ್ರಿ ಮಾಡ್ಕೊಂಡೇ ಉಸಿರು ಬಿಡೋದು.

ಅಪ್ಪ ಈಗ ಕಲಬುರಗಿಯೊಳಗ ನನ್ನ ಹಂತ್ಯಾಕೇ ಇದ್ದಾರ. ಕಿವಿ ಸೂಕ್ಷ್ಮ ಕೇಳ್ಸಂಗಿಲ್ಲ. ಆದ್ರ ನೆನಪು ಖಡಕ್ ಅದ. ಏನ್ ಕೇಳಬೇಕಂತ ಬರೀರಿ, ನಾ ಕೇಳಿ ಹೇಳ್ತೀನಿ.

ದಿನಾ ಓಡಾಡುವವ

ನಿಮ್ಮೆಲ್ಲರ ಪ್ರೀತಿ ಅರ್ಥ ಆಗುತ್ತದೆ. ನನ್ನ ಮಾತನ್ನೂ ಕೇಳಿ. ಅದೇ ನಿಲ್ದಾಣದಲ್ಲಿ ನನ್ನ ತಾಯಿ ಎರಡನೇ ಪ್ಲಾಟ್‌ಫಾರ್ಮಿಗೆ ಹಳಿ ದಾಟಿಯೇ ಹೋಗುತ್ತಾರೆ. ಮಂಡಿ ನೋವು, ಜೊತೆಗೆ ಚೀಲ. ಗೂಡ್ಸ್ ನಿಂತಿದ್ದರೆ ಅರ್ಧ ಗಂಟೆ ಬಿಸಿಲಲ್ಲಿ ಕಾಯಬೇಕು. ಮೇಲ್ಸೇತುವೆ ಬೇಕು, ನೆರಳು ಬೇಕು, ಶೌಚಾಲಯಕ್ಕೆ ನೀರು ಬೇಕು. ಆ ಜಾಗ ಖಾಲಿಯಾದರೆ ಇವುಗಳಲ್ಲಿ ಒಂದಾದರೂ ಬರಬಹುದು. ಬಿದ್ದುಹೋಗುವ ಕಟ್ಟಡಕ್ಕೆ ಅರ್ಜಿ ಬರೆಯುವ ಶಕ್ತಿಯನ್ನು ಮೊದಲು ಇದಕ್ಕೆ ಹಾಕಬಾರದೇಕೆ?

ತೊಗರಿ ಹೊಲದವ

ಅಣ್ಣಾ, ನಿಮ್ಮ ತಾಯಿಯವರ ಕಷ್ಟದ ಮುಂದೆ ನನ್ನ ಬೇಡಿಕೆ ಸಣ್ಣದು, ಒಪ್ಪುತ್ತೇನೆ. ಮೇಲ್ಸೇತುವೆಯ ಅರ್ಜಿಗೆ ಮೊದಲ ಸಹಿ ನನ್ನದೇ ಇರಲಿ, ಕರಡು ನೀವು ಬರೆಯಿರಿ. ಅದಕ್ಕೇ ನಾನು ಕಟ್ಟಡಕ್ಕೆ ಹಟ ಹಿಡಿಯುತ್ತಿಲ್ಲ. ಚೌಕಟ್ಟು ಬಿಚ್ಚಿ ಹೊರಗಿಟ್ಟರೆ ಒಂದು ಕೋಣೆಯ ಗೋಡೆಯುದ್ದ ಜಾಗ ಸಾಕು. ಎರಡು ಅರ್ಜಿ ಒಂದೇ ದಿನ ಕೊಡೋಣ.

ಸಿಗ್ನಲ್ ಕೆಲಸದವ

ನಾನು ಈಗಿನ ಕಾಲದ ಸಿಗ್ನಲ್ ನಿರ್ವಹಣೆಯಲ್ಲಿ ಇರುವವನು. ಎಲ್ಲಿ ಅಂತ ಬೇಡ. ಹಳೆಯದು ಹೋಯಿತಲ್ಲ ಅಂತ ನನಗೆ ದುಃಖವಿಲ್ಲ, ಅದನ್ನು ಮೊದಲೇ ಹೇಳುತ್ತೇನೆ. ಲೀವರ್ ಕ್ಯಾಬಿನ್‌ಗೆ ಒಂದು ದೊಡ್ಡ ಕುರುಡಿತ್ತು. ಕಾಂಟಾ ಯಾವ ಕಡೆ ಇದೆ ಅಂತ ಅದಕ್ಕೆ ಗೊತ್ತು. ಹಳಿ ಮೇಲೆ ಗಾಡಿ ನಿಂತಿದೆಯೋ ಇಲ್ಲವೋ ಗೊತ್ತಿಲ್ಲ. ಅದನ್ನು ಮನುಷ್ಯ ಕಿಟಕಿಯಿಂದ ನೋಡಬೇಕು, ಇಲ್ಲ ನೆನಪಿಟ್ಟುಕೊಳ್ಳಬೇಕು. ಮರೆಯದಿರಲಿ ಅಂತ ಲೀವರ್‌ಗೆ ಒಂದು ಕಬ್ಬಿಣದ ಕಾಲರ್ ತೊಡಿಸುತ್ತಿದ್ದರು. ಮಂಜು, ಮಳೆ, ರಾತ್ರಿ ಎರಡು ಗಂಟೆಯ ನಿದ್ದೆ, ಇವುಗಳ ಎದುರು ಒಂದು ಕಾಲರ್ ಎಷ್ಟು ತಡೆದೀತು?

ಈಗ ಹಳಿ ಮೇಲೆ ಗಾಡಿ ಇದೆಯೋ ಇಲ್ಲವೋ ಅಂತ ತಿಳಿಸಲು ಟ್ರ್ಯಾಕ್ ಸರ್ಕ್ಯೂಟ್, ಆಕ್ಸಲ್ ಕೌಂಟರ್ ಇವೆ. ಒಳಗೆ ಹೋದ ಚಕ್ರಗಳನ್ನೂ ಹೊರಬಂದ ಚಕ್ರಗಳನ್ನೂ ಯಂತ್ರವೇ ಎಣಿಸುತ್ತದೆ. ಲೆಕ್ಕ ಕೂಡಿಬರದಿದ್ದರೆ ಸಿಗ್ನಲ್ ಕೊಡುವುದಿಲ್ಲ. ಕಾಂಟಾ ತಿರುಗಿಸುವುದು ಅದರ ಪಕ್ಕದಲ್ಲೇ ಕೂತ ಮೋಟಾರು. ತಂತಿ ಇಲ್ಲ, ಸರಳಿಲ್ಲ, ಬಿಸಿಲಿಗೆ ಅಡ್ಜಸ್ಟರ್ ಇಲ್ಲ. ಮಾಸ್ತರರು ಕುರ್ಚಿ ಬಿಟ್ಟು ಏಳದೆ ಒಂದು ಗುಂಡಿ ಒತ್ತಿದರೆ, ಇಲ್ಲ ಪರದೆ ಮೇಲೆ ಒತ್ತಿದರೆ ದಾರಿ ತಯಾರು.

ಕ್ಯಾಬಿನ್ ಬದಲಾಗುವಾಗ ಏನಾಗುತ್ತದೆ ಅಂತ ಹೊರಗಿನವರಿಗೆ ಕಾಣುವುದು ಪೇಪರಿನ ಒಂದು ಸಾಲು ಮಾತ್ರ: "ನಾನ್ ಇಂಟರ್‌ಲಾಕಿಂಗ್ ಕಾಮಗಾರಿ, ಈ ರೈಲುಗಳು ರದ್ದು." ಆ ದಿನಗಳಲ್ಲಿ ಹಳೆ ಬೀಗ ಬಿಚ್ಚಿರುತ್ತದೆ, ಹೊಸದು ಇನ್ನೂ ಕೂಡಿರುವುದಿಲ್ಲ. ಪ್ರತಿ ಕಾಂಟಾಕ್ಕೂ ಕ್ಲಾಂಪ್ ಹಾಕಿ, ಬೀಗ ಜಡಿದು, ಬಾವುಟ ತೋರಿಸಿ ರೈಲನ್ನು ನಿಧಾನಕ್ಕೆ ಬಿಡಬೇಕು. ನೂರೈವತ್ತು ವರ್ಷ ಹಿಂದಿನ ಕಾಂಟಾವಾಲಾನ ಕೆಲಸಕ್ಕೆ ನಾವೆಲ್ಲ ನಾಲ್ಕು ದಿನ ವಾಪಸ್ ಹೋಗುತ್ತೇವೆ. ದೌಂಡ್–ಕಲಬುರಗಿ ಜೋಡಿ ಹಳಿ 2022ರಲ್ಲಿ ಮುಗಿಯುವವರೆಗೆ ಆ ದಾರಿಯ ನಿಲ್ದಾಣಗಳು ಒಂದೊಂದಾಗಿ ಇದನ್ನು ಕಂಡಿವೆ.

ಆದರೂ ಚೌಕಟ್ಟು ಉಳಿಸಿ ಅಂತ ನಾನೂ ಹೇಳುತ್ತೇನೆ. ಕಾರಣ ಬೇರೆ. 2023ರ ಜೂನ್ 2, ಬಾಲಸೋರ್ ಹತ್ತಿರ ಬಹನಾಗಾ ಬಜಾರ್. ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ಮೇನ್ ಲೈನಿನ ಹಸಿರು ಸಿಕ್ಕಿತ್ತು, ಕಾಂಟಾ ಮಾತ್ರ ಲೂಪಿಗೆ, ಅಂದರೆ ಗಾಡಿ ನಿಲ್ಲಿಸುವ ಪಕ್ಕದ ಹಳಿಗೆ, ತಿರುಗಿತ್ತು. ಲೂಪಿನಲ್ಲಿ ಗೂಡ್ಸ್ ನಿಂತಿತ್ತು. 290ಕ್ಕೂ ಹೆಚ್ಚು ಜನ ಹೋದರು. ಸಿಗ್ನಲ್ ಸರ್ಕ್ಯೂಟ್ ಬದಲಿಸುವಾಗ ಆದ ಲೋಪವೇ ಮೂಲ ಅಂತ ತನಿಖೆ ಹೇಳಿತು. ಅದೇ ವರ್ಷ ಫೆಬ್ರವರಿ 8ರಂದು ನಮ್ಮ ರಾಜ್ಯದ ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಸಿಗ್ನಲ್ ಒಂದು ಹಳಿಗೆ, ಕಾಂಟಾ ಇನ್ನೊಂದಕ್ಕೆ ಆಗಿತ್ತು. ಲೋಕೋ ಪೈಲಟ್ ಕಾಂಟಾ ನೋಡಿ ಗಾಡಿ ನಿಲ್ಲಿಸಿದ್ದಕ್ಕೆ ಏನೂ ಆಗಲಿಲ್ಲ.

ಇಂಟರ್‌ಲಾಕಿಂಗ್ ತರ್ಕ ಇವತ್ತಿಗೂ ಅದೇ. ಮೊದಲು ಕಾಂಟಾ, ಆಮೇಲೆ ಬೀಗ, ಆಮೇಲೆ ಸಿಗ್ನಲ್. ವಾಪಸ್ ಬರುವಾಗ ಉಲ್ಟಾ. ಆಗ ಅದು ಉಕ್ಕಿನ ಪಟ್ಟಿಯಲ್ಲಿ ಕೊರೆದ ಕಚ್ಚಾಗಿತ್ತು, ಈಗ ವೈರಿಂಗ್ ನಕ್ಷೆಯಲ್ಲಿ, ಪ್ರೊಸೆಸರ್ ಒಳಗೆ ಇದೆ. ಕಚ್ಚಿನಲ್ಲಿ ತಪ್ಪಿದ್ದರೆ ಕಣ್ಣಿಗೆ ಕಾಣುತ್ತಿತ್ತು. ವೈರ್ ಬದಲಾದರೆ ಪರೀಕ್ಷೆ ಮಾಡಿದರಷ್ಟೇ ಗೊತ್ತಾಗುವುದು. ಈಗ ಕೆಲಸಕ್ಕೆ ಸೇರುವ ಹುಡುಗರಿಗೆ "ಪರೀಕ್ಷೆ ಪೂರ್ತಿ ಮಾಡದೆ ಗಾಡಿ ಬಿಡಬೇಡ" ಅಂತ ನಾನು ಹತ್ತು ಸಲ ಹೇಳುವುದಕ್ಕಿಂತ, ಆ ಪೆಟ್ಟಿಗೆಯ ಮುಚ್ಚಳ ತೆಗೆದು ಒಂದು ಸಲ ತೋರಿಸಿದರೆ ತಲೆಗೆ ಇಳಿಯುತ್ತದೆ.

ಬೀದರ ಕಡೆಯವ

ನಮ್ಮ ಕಡೆಯದೊಂದು ಮಾತು ಸೇರಿಸ್ತೀನಿ. ವಿಕಾರಾಬಾದ್–ಬೀದರ್ ದಾರಿ ಒಂಟಿ ಹಳಿ. ಒಂಟಿ ಹಳಿ ಅಂದಮೇಲೆ ಎದುರು ಬದುರು ಎರಡು ಗಾಡಿ ಬರಬಾರದು. ಅದಕ್ಕೆ ಇದ್ದದ್ದು ಗೋಲಾ, ಅಂದರೆ ಹೊರಡಲು ಅಪ್ಪಣೆಯ ಗುರುತಾದ ಲೋಹದ ಗುಂಡು. ಎರಡು ನಿಲ್ದಾಣದ ನಡುವೆ ಒಂದೇ ಗೋಲಾ ಹೊರಗೆ ಬರಬೇಕು ಹಾಗೆ ಎರಡೂ ಕಡೆಯ ಯಂತ್ರಕ್ಕೆ ತಂತಿಯ ಸಂಬಂಧ. ಗೋಲಾ ಕೈಲಿದ್ದ ಡ್ರೈವರ್ ಮಾತ್ರ ಹೊರಡಬಹುದು. ಚರ್ಮದ ಚೀಲದೊಳಗೆ ಗೋಲಾ, ಚೀಲಕ್ಕೆ ಬೆತ್ತದ ದೊಡ್ಡ ಬಳೆ. ನಿಲ್ಲದ ಗಾಡಿಯಾದರೆ ಓಡುವಾಗಲೇ ತೋಳಿಗೆ ಸಿಕ್ಕಿಸಿಕೊಳ್ಳಬೇಕು.

ಬೀದರ್–ಕಲಬುರಗಿ ನಡುವಿನ ಸುಮಾರು 110 ಕಿ.ಮೀ. ಹೊಸ ದಾರಿ 2017ರ ಅಕ್ಟೋಬರ್ 29ರಂದು ಉದ್ಘಾಟನೆ ಆಯಿತು. ಆ ನಿಲ್ದಾಣಗಳು ಹುಟ್ಟಿದ್ದೇ ದೀಪದ ಸಿಗ್ನಲ್ ಜೊತೆ. ಮಕ್ಕಳಿಗೆ ಗೋಲಾ ತೋರಿಸಬೇಕಂದರೆ ಅಲ್ಲಿ ಏನೂ ಸಿಗುವುದಿಲ್ಲ.

ಇನ್ನೊಂದು, ಈಗ ದೇಶವೆಲ್ಲ ಕವಚ್ ಕವಚ್ ಅನ್ನುತ್ತದಲ್ಲ, ಅದರ ಮೊದಲ ಪ್ರಯೋಗಗಳು ನಡೆದದ್ದು ಲಿಂಗಂಪಲ್ಲಿ–ವಿಕಾರಾಬಾದ್–ವಾಡಿ, ವಿಕಾರಾಬಾದ್–ಬೀದರ್ ನಡುವಿನ ಸುಮಾರು 250 ಕಿ.ಮೀ. ಹಳಿಯ ಮೇಲೆ. ಪ್ರಯಾಣಿಕರ ರೈಲಿನಲ್ಲಿ ಪರೀಕ್ಷೆ ಶುರುವಾದದ್ದು 2016ರ ಫೆಬ್ರವರಿಯಲ್ಲಿ. ಡ್ರೈವರ್ ಕೆಂಪು ದಾಟಿ ಹೋಗುವ ಹಾಗಾದರೆ ಬ್ರೇಕ್ ತಾನಾಗಿ ಬೀಳುವ ಯಂತ್ರ ಅದು. ಹಳೆಯದೂ ಹೊಸದೂ ಎರಡೂ ನಮ್ಮ ಮಣ್ಣಲ್ಲೇ ನಡೆದಿವೆ. ಒಂದೇ ಕೋಣೆಯಲ್ಲಿ ಎರಡನ್ನೂ ಇಟ್ಟು ತೋರಿಸಬಹುದು.

ಲೀವರ್‌ಮನ್ ಮಗಳು

ಸಿಗ್ನಲ್ ಕೆಲಸದವ್ರು ಬಹನಾಗಾದ ಬಗ್ಗೆ ಬರೆದಿದ್ದು ಅಪ್ಪಗ ಜೋರಾಗಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮ್ಯಾಲ ಒಂದು ರಾತ್ರಿ ಕಥಿ ಹೇಳಿದ್ರು. ಅವ್ವಗೂ ಹೇಳಿರಲಿಲ್ಲಂತ. ಬರೀಲೇನು ಅಂತ ಕೇಳಿದೆ, ಬರಿ ಅಂದ್ರು.

ಮಳಿಗಾಲ. ಮುಂದಿನ ಪಾಳಿ ಮನಶಾ ಬಂದಿರಲಿಲ್ಲ, ಅಪ್ಪಂದೇ ಎರಡನೇ ಪಾಳಿ. ನಡುರಾತ್ರಿ ದಾಟಿತ್ತು. ಸಿಮೆಂಟ್ ಗೂಡ್ಸ್ ಒಂದನ್ನ ಲೂಪಿಗೆ ತಗೊಂಡ್ರು. ಹಿಂದಿನ್ಯಾಗ ಕರ್ನಾಟಕ ಎಕ್ಸ್‌ಪ್ರೆಸ್ ಬರೋದಿತ್ತು, ಮೇನ್ ಲೈನ್ ಮ್ಯಾಲ ನಿಲ್ಲದಂಗ ಹಾಯ್ದು ಹೋಗೋ ಗಾಡಿ. ಗಂಟಿ ಬಾರಿಸಿತು, ಮಾಸ್ತರರು ಲೈನ್ ಕೊಟ್ರು, ತಮ್ಮ ಕಡೆಯಿಂದ ಸಿಗ್ನಲ್ ಬಿಟ್ರು. ಅಪ್ಪ ಬಟ್ಟಿ ಸುತ್ತಿ ಮೇನ್ ಲೈನ್ ಸಿಗ್ನಲ್ಲಿನ 2 ನಂಬರ್ ಹಿಡಿದು ಎಳೆದ್ರು. ಬರಲಿಲ್ಲ. ಮಳ್ಯಾಗ ತಂತಿ ಎಲ್ಲಿಯಾರ ಸಿಕ್ಕೊಂಡದ ಅಂತ ತಿಳಿದು ಕಾಲು ಕೊಟ್ಟು ಹೊಳ್ಳಿ ಎಳೆದ್ರು. ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. "ತಂತಿ ಸಿಕ್ಕಿದ್ರ ಸ್ವಲ್ಪರ ಎಳೀತದ, ಆಮ್ಯಾಲ ನಿಲ್ತದ. ಇದು ಗ್ವಾಡಿ ಹಿಡದು ಎಳದಂಗ ಇತ್ತು" ಅಂದ್ರು ಅಪ್ಪ. ಕಂದೀಲು ತಂದು ನೋಡಿದ್ರ ಕಾಂಟಾದ ಲೀವರ್ 9 ಇನ್ನೂ ಹೊರಗೇ, ಎಳದಂಗೇ ಇತ್ತು. ಗೂಡ್ಸ್ ತಗೊಂಡಮ್ಯಾಲ ಕಾಂಟಾ ಹೊಳ್ಳಿ ಮೇನ್ ಲೈನಿಗೆ ಹಾಕೋದು ಮರ್ತಿದ್ರು.

ಅವತ್ತು 2 ಬಂದಿದ್ರ ಏನಾಗ್ತಿತ್ತು ಅಂತ ಅವರೇ ಹೇಳಲಿಲ್ಲ. ನಾನೂ ಕೇಳಲಿಲ್ಲ. 9 ಹಾಕಿ, ಬೀಗ ಹಾಕಿ, 2 ಎಳದು, 1 ಎಳದು ಗಾಡಿ ಬಿಟ್ರಂತ. ಗಾಡಿ ಹಾಯ್ದು ಹೋದಮ್ಯಾಲ ಕೆಳಗ ಇಳದು, ಲಾಕಿಂಗ್ ಪೆಟ್ಟಿಗಿ ಇದ್ದ ಕ್ವಾಣಿ ಹೊಸ್ತಿಲಕ್ಕ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡ್ರಂತ. ಮರುದಿನದಿಂದ ಡ್ಯೂಟಿಗೆ ಹತ್ತೋಕಿಂತ ಮೊದಲ ದಿನಾ ಹಂಗೇ ಮಾಡ್ತಿದ್ರು. ಸಣ್ಣಾಕಿ ಇದ್ದಾಗ ಅದನ್ನ ನಾ ನೋಡೀನಿ. ಒಳಗ ದೇವರ ಫೋಟೋ ಇರಬೇಕು ಅಂತ ತಿಳಕೊಂಡಿದ್ದೆ.

ದಿನಾ ಓಡಾಡುವವ

ಅಕ್ಕಾ, ಆ ಗಾಡಿಯಲ್ಲಿ ನಮ್ಮ ಕಡೆಯ ಎಷ್ಟು ಜನ ಬೆಂಗಳೂರಿಗೆ ದುಡಿಯಲು ಹೋಗುತ್ತಿರುತ್ತಾರೆ ಅಂತ ನನಗೆ ಗೊತ್ತು. ನನ್ನ ತಂದೆಯೂ ಅದರಲ್ಲೇ ಓಡಾಡಿದವರು. ತೊಗರಿ ಹೊಲದವರೇ, ಎರಡನೇ ಅರ್ಜಿಗೂ ನನ್ನ ಸಹಿ ಹಾಕಿಕೊಳ್ಳಿ. ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ ಅಕ್ಕಾ.

ಯಾದಗಿರಿ ಪ್ಯಾಸೆಂಜರ್

ಒಂದು ಪ್ರಶ್ನೆ. 9 ಹೊರಗಿದ್ದರೆ 2 ಬರದ ಹಾಗೆ ತಡೆದದ್ದು ನಿಜವಾಗಿ ಯಾವುದು? ಕರೆಂಟ್ ಇಲ್ಲ ಅಲ್ಲವಾ?

ನಿವೃತ್ತ ಮಾಸ್ತರ

ಕರೆಂಟ್ ಬೇಡ ತಮ್ಮಾ. ಪ್ರತಿ ಲೀವರ್‌ನ ಬುಡಕ್ಕೆ ಒಂದು ಚಪ್ಪಟೆ ಉಕ್ಕಿನ ಪಟ್ಟಿ, ಟ್ಯಾಪೆಟ್ ಅಂತಾರೆ. ಲೀವರ್ ಜೊತೆ ಅದು ಮೇಲೆ ಕೆಳಗೆ ಜಾರುತ್ತದೆ. ಪಟ್ಟಿಯ ಅಂಚಿನಲ್ಲಿ ಓರೆಯಾಗಿ ಕಚ್ಚು ಕೊರೆದಿರುತ್ತದೆ. ಎರಡು ಪಟ್ಟಿಗಳ ನಡುವೆ ಅಡ್ಡಡ್ಡ ಜಾರುವ ಒಂದು ತುಂಡು. 9ನ್ನು ಎಳೆದರೆ ಅದರ ಓರೆ ಅಂಚು ಆ ತುಂಡನ್ನು ಪಕ್ಕಕ್ಕೆ ತಳ್ಳುತ್ತದೆ, ಅದು ಹೋಗಿ 2ರ ಪಟ್ಟಿಯ ಕಚ್ಚಿಗೆ ಕೂರುತ್ತದೆ. ಇನ್ನು 2 ಅಲುಗುವುದಿಲ್ಲ. 9 ವಾಪಸ್ ಬಂದರಷ್ಟೇ ತುಂಡಿಗೆ ಹಿಂದೆ ಸರಿಯಲು ಜಾಗ. ಆನೆ ಕಟ್ಟಿ ಎಳೆದರೂ ಅಷ್ಟೆ.

ಕಾಂಟಾದ ಬೀಗ ಇನ್ನೂ ಚೆಂದ. ಹಳಿಯ ಪಕ್ಕಕ್ಕೆ ಉದ್ದನೆಯ ಲಾಕ್ ಬಾರ್ ಇರುತ್ತದೆ, ಬೀಗ ಬಿಚ್ಚಬೇಕಾದರೆ ಅದು ಮೇಲೇಳಬೇಕು. ರೈಲಿನ ಯಾವ ಎರಡು ಅಕ್ಕಪಕ್ಕದ ಚಕ್ರದ ನಡುವಿನ ಅಂತರಕ್ಕಿಂತಲೂ ಅದು ಉದ್ದ. ಅಂದರೆ ರೈಲು ಕಾಂಟಾದ ಮೇಲೆ ಹಾಯುತ್ತಿರುವಷ್ಟು ಹೊತ್ತೂ ಒಂದಲ್ಲ ಒಂದು ಚಕ್ರ ಅದರ ಮೇಲೆ ಇದ್ದೇ ಇರುತ್ತದೆ, ಬಾರ್ ಏಳುವುದಿಲ್ಲ. ರೈಲಿನ ಚಕ್ರವೇ ತನ್ನ ದಾರಿಯನ್ನು ತಾನು ಕಾಯುತ್ತದೆ.

ಈಗ ಕೆಲಸದ ಮಾತು. ಯಾರೂ ತಾವಾಗಿ ಕ್ಯಾಬಿನ್ ಕಡೆ ನಡೆದು ಹೋಗಬೇಡಿ. ಅಪ್ಪಣೆಯಿಲ್ಲದೆ ಹಳಿಯ ಆವರಣ ಹೊಕ್ಕರೆ 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅಪರಾಧ. ಅದಕ್ಕಿಂತ ಹೆಚ್ಚಾಗಿ ಈಗ ವಿದ್ಯುತ್ ಗಾಡಿ, ಸದ್ದಿಲ್ಲದೆ ಬರುತ್ತದೆ. ಅರ್ಜಿಯನ್ನು ವಿಭಾಗೀಯ ವ್ಯವಸ್ಥಾಪಕರಿಗೆ ಬರೆದು, ಒಂದು ಪ್ರತಿ ಸಿಗ್ನಲ್ ವಿಭಾಗಕ್ಕೆ ಕೊಡಿ. ಹಳೆ ಕಬ್ಬಿಣ ಇ-ಹರಾಜಿನ ಪಟ್ಟಿಗೆ ಸೇರಿಬಿಟ್ಟರೆ ಹೊರಗೆ ತರುವುದು ಕಷ್ಟ, ಅದಕ್ಕೆ ಮುಂಚೆ ಕಾಗದ ತಲುಪಬೇಕು. ಏನು ಬೇಕು ಅಂತ ಬಿಡಿಬಿಡಿಯಾಗಿ ಬರೆಯಿರಿ. "ಪಾರಂಪರಿಕ ವಸ್ತು" ಅಂತ ಮಾತ್ರ ಬರೆದರೆ ಎರಡು ಲೀವರ್ ಕತ್ತರಿಸಿ, ಬಣ್ಣ ಬಳಿದು ಬಾಗಿಲ ಮುಂದೆ ನಿಲ್ಲಿಸುತ್ತಾರೆ. ಪೆಟ್ಟಿಗೆ ಇಲ್ಲದ ಲೀವರ್ ಬರೀ ಕೋಲು.

ತೊಗರಿ ಹೊಲದವ

ಮಾಸ್ತರರೇ, ಹಾಗೇ ಬರೆದಿದ್ದೇನೆ. 18 ಲೀವರ್‌ಗಳ ಪೂರ್ತಿ ಚೌಕಟ್ಟು, ಟ್ಯಾಪೆಟ್‌ಗಳ ಸಮೇತ ಲಾಕಿಂಗ್ ಪೆಟ್ಟಿಗೆ, ಲೀವರ್ ಮೇಲಿನ ಹಿತ್ತಾಳೆ ಫಲಕಗಳು, ಗಂಟೆ, ಕಾಲರ್‌ಗಳು, ಗೋಡೆಯ ಲಾಕಿಂಗ್ ನಕ್ಷೆ ಉಳಿದಿದ್ದರೆ ಅದೂ. ಫಲಕದ ಮೇಲಿನ ಅಂಕಿಗಳ ಬಗ್ಗೆ ಒಂದು ಮಾತು: ಈ ಲೀವರ್ ಎಳೆಯುವ ಮೊದಲು ಯಾವ ಯಾವ ಲೀವರ್ ಎಳೆದಿರಬೇಕು ಅನ್ನುವ ಪಟ್ಟಿ ಅದು. 3ರ ಫಲಕವನ್ನು ಉಗುರಿನಿಂದ ಕೆರೆದಾಗ 9, 11 ಅಂತ ಕಂಡಿತು. ನನಗೆ ಆಗ ಅದರ ಅರ್ಥ ಆಗಿರಲಿಲ್ಲ.

ಎಲ್ಲಿಡಬೇಕು ಅನ್ನುವುದಕ್ಕೆ ಮೈಸೂರಿನಲ್ಲಿ 1979ರಿಂದ ರೈಲು ಸಂಗ್ರಹಾಲಯ ಇದೆ, ಹುಬ್ಬಳ್ಳಿಯಲ್ಲಿ 2020ರಲ್ಲಿ ಒಂದಾಯಿತು, ಅಲ್ಲಿಗೆ ಕೊಡಿ ಅಂತ ಒಬ್ಬರು ಖಾಸಗಿಯಾಗಿ ಬರೆದರು. ನನಗೆ ಮನಸ್ಸಿಲ್ಲ. ಈ ಭಾಗದ ಒಳ್ಳೆಯ ವಸ್ತುಗಳೆಲ್ಲ ದಕ್ಷಿಣಕ್ಕೋ, ಹೈದರಾಬಾದಿಗೋ, ಮುಂಬೈಗೋ ಹೋಗಿಯೇ ನಾವು ನೋಡಬೇಕಾಗಿದೆ. ಕಲಬುರಗಿ ನಿಲ್ದಾಣದಲ್ಲೇ ಒಂದು ಗೋಡೆ ಸಿಗಲಿ, ಇಲ್ಲವೇ ವಾಡಿಯಲ್ಲಿ. ಸೋಲಾಪುರ, ಸಿಕಂದರಾಬಾದ್, ಗುಂತಕಲ್ ಮೂರು ವಿಭಾಗಗಳ ಗಡಿ ಬಹಳ ವರ್ಷ ಕೂಡಿದ್ದ ಜಂಕ್ಷನ್ ಅದು. ಇಂಥದ್ದನ್ನು ಇಡಲು ಅದಕ್ಕಿಂತ ಸರಿಯಾದ ಜಾಗ ಇಲ್ಲ. ಮಕ್ಕಳು ಲೀವರ್ ಎಳೆದು ನೋಡಬೇಕು, ಬರದೇ ಇದ್ದಾಗ ಯಾಕೆ ಬರಲಿಲ್ಲ ಅಂತ ಗಾಜಿನೊಳಗಿನ ಪಟ್ಟಿ ನೋಡಬೇಕು.

ಅಕ್ಕಾರೇ, ನಿಮ್ಮ ತಂದೆಯವರಿಂದ ಒಂದು ಉಪಕಾರ. ಲೂಪಿಗೆ ಗಾಡಿ ತೆಗೆದುಕೊಳ್ಳುವ ಕ್ರಮ, ಆಮೇಲೆ ಮೇನ್ ಲೈನಿಗೆ ಬಿಡುವ ಕ್ರಮ ಎರಡನ್ನೂ ಅವರ ಬಾಯಿಂದಲೇ ಬರೆದುಕೊಳ್ಳಲು ಆಗುತ್ತದಾ? ಫೋನಿನಲ್ಲಿ ದನಿ ಹಿಡಿದಿಟ್ಟರೆ ಇನ್ನೂ ಒಳ್ಳೆಯದು. ನಕ್ಷೆ ಹಾಳಾಗಿದ್ದರೆ ಅದೊಂದೇ ನಮಗಿರುವ ದಾಖಲೆ.

ಲೀವರ್‌ಮನ್ ಮಗಳು

ದನಿ ಅಷ್ಟೇ ಅಲ್ರಿ, ವಿಡಿಯೋನೇ ಮಾಡೀನಿ. ಕುರ್ಚಿ ಮ್ಯಾಲ ಕುಂಡ್ರು ಅಂದ್ರ ಕೇಳಲಿಲ್ಲ, ನಿಂತೇ ಹೇಳ್ತೀನಿ ಅಂದ್ರು. ಕೈಯಾಗ ಒಂದು ಟವೆಲ್ ತಗೊಂಡ್ರು. ಪಡಸಾಲ್ಯಾಗ ಖಾಲಿ ಗಾಳಿ ಹಿಡದು ಒಂದೊಂದೇ ಎಳೆದು ತೋರಿಸಿದ್ರು, ನಂಬರ್ ನಂಬರಿಗೆ ಎಷ್ಟು ಹೆಜ್ಜಿ ಸರೀಬೇಕೋ ಅಷ್ಟು ಸರದ್ರು.

ಲೂಪಿಗೆ: 9 ಎಳಿ. 11 ಎಳಿ. 3 ಎಳಿ. ಆಮ್ಯಾಲ 1.

ಗಾಡಿ ಒಳಗ ಬಂದು ನಿಂತಮ್ಯಾಲ: 1 ಹಾಕು. 3 ಹಾಕು. 11 ಹಾಕು. 9 ಹಾಕು.

ಮೇನ್ ಲೈನಿಗೆ: 9 ಒಳಗದನೋ ನೋಡು. ಇದನ್ನ ಎರಡು ಸಲ ಅಂದ್ರು. 11 ಎಳಿ. 2 ಎಳಿ. ಆಮ್ಯಾಲ 1.

ನಿಮ್ಮ ಚಿತ್ರ ತೋರಿಸಿದೆ. ಚಷ್ಮಾ ಹಾಕ್ಕೊಂಡು ಭಾಳ ಹೊತ್ತು ನೋಡಿದ್ರು. ಎಲ್ಲಾ ಸರಿ ಅದ, 11 ಮಾತ್ರ ಕರಿ ಅಲ್ಲ, ನೀಲಿ ಅಂದ್ರು. ಬೀಗದ ಲೀವರ್ ಅದು. ದಿನಾ ಎಲ್ಲಾದಕ್ಕಿಂತ ಹೆಚ್ಚು ಹಿಡಿಯೋದು ಅದನ್ನೇ, ಅದಕ್ಕ ಬಣ್ಣ ಮೊದಲು ಹೋಗೋದೂ ಅದರದ್ದೇ ಅಂತ.

ನಿವೃತ್ತ ಮಾಸ್ತರ

ಅದೇ ನನಗೆ ಬೇಕಿತ್ತು. ಸಂಶಯ ತೀರಿತು. ಅವರಿಗೆ ನನ್ನ ನಮಸ್ಕಾರ ಹೇಳಮ್ಮಾ.

ತೊಗರಿ ಹೊಲದವ

11ನ್ನು ನೀಲಿ ಮಾಡಿ ಹೊಸ ಚಿತ್ರ ಹಾಕಿದ್ದೇನೆ. ಅರ್ಜಿಯ ಜೊತೆ ಇದನ್ನೇ ಲಗತ್ತಿಸುತ್ತೇನೆ, ಕೆಳಗೆ ಎಳೆಯುವ ಕ್ರಮವನ್ನೂ ಬರೆದಿದ್ದೇನೆ. ಸೋಮವಾರ ಎರಡೂ ಅರ್ಜಿ ಒಟ್ಟಿಗೆ ಕೊಡುತ್ತೇವೆ. ಸಹಿ ಹಾಕುವವರು ಭಾನುವಾರ ಸಂಜೆಯೊಳಗೆ ತಿಳಿಸಿ.